ಅರಿಶಿನ ಹಾಕಬಾರದಿತ್ತು: ಗೆಳೆಯನಿಗೊಂದು ಪತ್ರ

ಶೆಫೀಲ್ಡ್, ಇಂಗ್ಲೆಂಡ್
ಸೋಮವಾರ ರಾತ್ರಿ

ಪ್ರೀತಿಯ ಗೆಳೆಯಾ,

ಮೊನ್ನೆ ಕಳಿಸಿದ ಫೋಟೊ ನೋಡಿ ‘ಇದೇನೋ, ಆಲೂಗಡ್ಡೆ ಪಲ್ಯ ಸೀದು ಹೋಗಿದೆ?’ ಅಂತ ಕೇಳಿದ್ದೀಯ. ಸೀದಿಲ್ಲ ಮಾರಾಯ, ಅದು ಇರಬೇಕಾದ್ದೇ ಹಾಗೆ. ಹೆಸರು ಬಬಲ್ ಅಂಡ್ ಸ್ಕ್ವೀಕ್. ಕೋಸು ಗುಳುಗುಳು ಅಂತ ಕುದಿದು ಆಮೇಲೆ ಬಾಣಲೆಯಲ್ಲಿ ಚುಂಯ್ ಅನ್ನುತ್ತದಲ್ಲ, ಆ ಸದ್ದೇ ಹೆಸರಾಗಿದೆ. ನಮ್ಮ ಚುರುಮುರಿ ಇದ್ದ ಹಾಗೆ.

ಇಲ್ಲಿ ಭಾನುವಾರ ಮಧ್ಯಾಹ್ನ ರೋಸ್ಟ್ ಊಟ. ಮಾಂಸದ ಜೊತೆಗೆ ಆಲೂಗಡ್ಡೆ, ಕ್ಯಾರೆಟ್, ಕೋಸು ಎಲ್ಲ ಜಾಸ್ತಿಯೇ ಬೇಯಿಸಿರುತ್ತಾರೆ. ಉಳಿದ ತರಕಾರಿಯನ್ನು ಸೋಮವಾರ ಕಿವುಚಿ, ಬಾಣಲೆಗೆ ದಪ್ಪಗೆ ತಟ್ಟಿ ಕೆಂಪಗೆ ಮಾಡಿದರೆ ಆಯಿತು. ಒಟ್ಟಿನಲ್ಲಿ ತಂಗಳು. ಕ್ರಿಸ್‌ಮಸ್ ಕಳೆದ ಮೇಲೆ ಮಾಡಿದರೆ ಅದರಲ್ಲಿ ಬ್ರಸೆಲ್ಸ್ ಸ್ಪ್ರೌಟ್ಸ್ ಇರುತ್ತದೆ. ನಿಂಬೆಹಣ್ಣಿಗಿಂತ ಚಿಕ್ಕ ಕೋಸು, ಸ್ವಲ್ಪ ಕಹಿ. ನನಗಂತೂ ಆ ಕಹಿಯೇ ಇಷ್ಟ.

ಇದನ್ನು ನನಗೆ ಹತ್ತಿಸಿದ್ದು ಪಕ್ಕದ ಮನೆಯ ಅಜ್ಜ. 82 ವರ್ಷ, ಸ್ಟೀಲ್ ಕಾರ್ಖಾನೆಯಲ್ಲಿ ದುಡಿದವರು, ಈಗ ಒಬ್ಬರೇ ಇದ್ದಾರೆ. ಒಂದು ಸೋಮವಾರ ತಟ್ಟೆ ಮುಂದಿಟ್ಟರು. ಯಾವುದರಲ್ಲಿ ಹುರಿದಿದ್ದೀರಿ ಅಂತ ಕೇಳಿದೆ. ‘ಡ್ರಿಪ್ಪಿಂಗ್’ ಅಂದರು. ದನದ ಮಾಂಸ ಬೇಯುವಾಗ ಇಳಿಯುವ ಕೊಬ್ಬು ಅದು. ನಾನು ತಿನ್ನುವುದಿಲ್ಲ ಅಂದೆ, ಮುಜುಗರದಿಂದಲೇ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ‘ಹಾಗಾದರೆ ನೀನು ಮಾಡಿಕೊಂಡು ಬಾ, ನಾನು ತಿನ್ನುತ್ತೇನೆ’ ಅಂದುಬಿಟ್ಟರು.

ಮೊದಲ ಸಲ ಮಾಡಿದ್ದು ಉಪ್ಪಿಟ್ಟಾಯಿತು. ಅಂಗಡಿಯಲ್ಲಿ ಚಂದ ಕಂಡಿತು ಅಂತ ಎಳೇ ಆಲೂಗಡ್ಡೆ ತಂದು, ಬಿಸಿ ಇರುವಾಗಲೇ ಕಿವುಚಿ ಹಾಕಿದ್ದೆ. ಎಳೇ ಗಡ್ಡೆ ಅಂಟಾಗುತ್ತದೆಯೇ ಹೊರತು ಹಿಟ್ಟಾಗುವುದಿಲ್ಲ. ಇದಕ್ಕೆ ಮಾರಿಸ್ ಪೈಪರ್, ಕಿಂಗ್ ಎಡ್ವರ್ಡ್ ಥರದ ಹಿಟ್ಟುಹಿಟ್ಟಾದ ಗಡ್ಡೆ ಬೇಕು. ಹಿಂದಿನ ದಿನವೇ ಬೇಯಿಸಿ ಫ್ರಿಜ್‌ನಲ್ಲಿಟ್ಟರೆ ನೀರೂ ಆರುತ್ತದೆ.

ಎರಡನೇ ಸಲ ಹುಮ್ಮಸ್ಸು ಜಾಸ್ತಿಯಾಯಿತು. ಈರುಳ್ಳಿ, ಶುಂಠಿ, ಹಸಿಮೆಣಸು, ಅರಿಶಿನ, ಕೊನೆಗೆ ಗರಂ ಮಸಾಲೆ. ಅಜ್ಜ ತಟ್ಟೆ ಖಾಲಿ ಮಾಡಿದರು. ಆಮೇಲೆ, ‘ರುಚಿಯಾಗಿದೆ. ಆದರೆ ಇದು ಬಬಲ್ ಅಲ್ಲ’ ಅಂದರು.

ನನಗೆ ಸಿಟ್ಟು ಬಂತು. ನಿನಗೆ ಗೊತ್ತಲ್ಲ, ನಾನು ವಾದ ಬಿಡುವವನಲ್ಲ. ಮನೆಗೆ ಬಂದು ಇದರ ಚರಿತ್ರೆ ಹುಡುಕಿದೆ. 1806ರಲ್ಲಿ ಬಂದ ಮರಿಯಾ ರಂಡೆಲ್ ಅವರ ಅಡುಗೆ ಪುಸ್ತಕದಲ್ಲೂ ಬಬಲ್ ಅಂಡ್ ಸ್ಕ್ವೀಕ್ ಇದೆ. ಹುರಿದ ಕೋಸು, ಅದರ ಮೇಲೆ ದನದ ಮಾಂಸದ ತುಂಡು, ಅಷ್ಟೇ. ಆಲೂಗಡ್ಡೆಯ ಸುದ್ದಿಯೇ ಇಲ್ಲ! ಮರುದಿನ ಹೋಗಿ, ನಿಮ್ಮದೂ ಅಸಲಿ ಅಲ್ಲ ಬಿಡಿ ಅಂದೆ.

ಅಜ್ಜ ನಕ್ಕರು. ಯುದ್ಧದ ಕಾಲದಲ್ಲಿ, 1940ರಿಂದ, ಮಾಂಸಕ್ಕೆ ರೇಷನ್ ಇತ್ತು. ಅದು ಮುಗಿದದ್ದು 1954ರ ಜುಲೈನಲ್ಲಿ. ಆದರೆ ಯುದ್ಧ ನಡೆಯುವಾಗ ಆಲೂಗಡ್ಡೆಗೆ ರೇಷನ್ ಇರಲಿಲ್ಲ, ಸರ್ಕಾರವೇ ಬೆಳೆಯಿರಿ, ತಿನ್ನಿರಿ ಅನ್ನುತ್ತಿತ್ತು. ‘ನಮ್ಮಮ್ಮನಿಗೆ ಆ ಪುಸ್ತಕ ಗೊತ್ತಿರಲಿಲ್ಲ. ಆಲೂಗಡ್ಡೆ ಗೊತ್ತಿತ್ತು’ ಅಂದರು. ಇದಕ್ಕೆ ಏನಂತ ಉತ್ತರ ಕೊಡಲಿ ಹೇಳು.

ಆದರೆ ಯೋಚನೆ ಮಾಡಿದೆ. ತಪ್ಪು ಹಸಿಮೆಣಸಿನದ್ದಲ್ಲ, ಅರಿಶಿನದ್ದು. ಅರಿಶಿನ ಬಿದ್ದದ್ದೇ ಪೂರಿ ಜೊತೆಗಿನ ಪಲ್ಯ ಆಗಿಬಿಟ್ಟಿತು. ಮಸಾಲೆಯ ಗದ್ದಲದಲ್ಲಿ ಕೋಸಿನ ರುಚಿಯೂ ಇಲ್ಲ, ಬೆಣ್ಣೆಯ ರುಚಿಯೂ ಇಲ್ಲ. ಈಗ ಮಾಡುವುದು ಹೀಗೆ. ಅರ್ಧ ಕೆಜಿ ಆಲೂಗಡ್ಡೆಗೆ ಕಾಲು ಕೆಜಿ ಕೋಸು. ಬೆಂದ ಕೋಸನ್ನು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಬೇಕು, ಇಲ್ಲಿ ಸೋಮಾರಿತನ ಮಾಡಿದರೆ ಎಲ್ಲ ಪಿಚಪಿಚ. ದಪ್ಪ ತಳದ ಬಾಣಲೆಗೆ ಬೆಣ್ಣೆ, ಜೊತೆಗೆ ಒಂದು ಚಮಚ ಎಣ್ಣೆ. ಅದಕ್ಕೆ ಸಾಸಿವೆ, ಸಣ್ಣಗೆ ಹೆಚ್ಚಿದ ಎರಡು ಹಸಿಮೆಣಸು, ನಾಲ್ಕು ಎಲೆ ಕರಿಬೇವು. ಮೇಲೆ ಆಲೂ ಕೋಸು ಹಾಕಿ ಒತ್ತಿ, ಹತ್ತು ನಿಮಿಷ ಸುಮ್ನೆ ಇರಬೇಕು. ಕೈ ತುರಿಸುತ್ತದೆ, ಮಗುಚಬಾರದು. ತಳ ಕೆಂಪಾದ ಮೇಲೆ ತುಂಡುತುಂಡಾಗಿ ಮಗುಚಿ, ಆ ಗರಿ ಭಾಗವನ್ನೇ ಒಳಗೆ ಸೇರಿಸಿ ಮತ್ತೆ ಒತ್ತುವುದು. ಹೀಗೆ ಎರಡು ಮೂರು ಸಲ. ಅಜ್ಜಿ ಪಾತ್ರೆಯ ತಳದ ಸೀಕಲನ್ನು ಕೆರೆದು ಕೊಡುತ್ತಿದ್ದರೆ ನಾವು ಕಿತ್ತಾಡುತ್ತಿದ್ದೆವಲ್ಲ, ಆ ರುಚಿ ಪ್ರತಿ ತುತ್ತಿನಲ್ಲೂ ಬರುತ್ತದೆ.

ಇನ್ನೊಂದು ವಿಷಯ ಹೇಳಿದರೆ ನೀನು ನಂಬುವುದಿಲ್ಲ. ಇದರ ಮೇಲೆ ಈ ಊರಿನವರು ಹಾಕಿಕೊಳ್ಳುವುದು ಹೆಂಡರ್ಸನ್ಸ್ ರೆಲಿಶ್ ಅನ್ನುವ ಸಾಸ್. 1885ರಿಂದ ಶೆಫೀಲ್ಡ್‌ನಲ್ಲೇ ತಯಾರಾಗುತ್ತಿದೆ, ಕಿತ್ತಳೆ ಬಣ್ಣದ ಲೇಬಲ್. ಇಂಥದ್ದೇ ಇನ್ನೊಂದು, ವೂಸ್ಟರ್ ಸಾಸ್‌ನಲ್ಲಿ ಆಂಚೊವಿ ಅನ್ನುವ ಸಣ್ಣ ಮೀನಿರುತ್ತದೆ, ನಮಗೆ ಆಗುವುದಿಲ್ಲ. ಇದರಲ್ಲಿ ಮೀನಿಲ್ಲ. ಏನಿದೆ ಅಂತ ಬಾಟಲಿ ತಿರುಗಿಸಿ ಓದಿದರೆ, ಹುಣಸೆಹಣ್ಣು! ಜೊತೆಗೆ ಲವಂಗ, ಬೆಳ್ಳುಳ್ಳಿ. ನಾನು ಹುಳಿ ಬೇಕು ಅಂತ ಅಷ್ಟು ದಿನ ನಿಂಬೆಹಣ್ಣು ಹಿಂಡುತ್ತಿದ್ದೆ, ಹುಣಸೆ ಅಜ್ಜನ ಮೇಜಿನ ಮೇಲೇ ಕೂತಿತ್ತು.

ಇವತ್ತು ಮೂರನೇ ಸಲ ತೆಗೆದುಕೊಂಡು ಹೋಗಿದ್ದೆ. ಒಂದು ತುತ್ತು ತಿಂದರು, ಆ ಬಾಟಲಿ ಬಗ್ಗಿಸಿದರು, ಮತ್ತೆ ತಿಂದರು. ಬಬಲ್ ಹೌದೋ ಅಲ್ಲವೋ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕರಿಬೇವನ್ನು ಮಾತ್ರ ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗಿಟ್ಟರು, ಥೇಟ್ ನಿನ್ನ ಹಾಗೆ.

ಅಮ್ಮನಿಗೆ ನಮಸ್ಕಾರ ಹೇಳು. ಈ ಕಡೆ ಯಾರಾದರೂ ಬರುವವರಿದ್ದರೆ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸು. ಬಬಲ್ ಜೊತೆ ನೆಂಚಿಕೊಂಡು ನೋಡಬೇಕು, ಅಜ್ಜನಿಗೆ ಗೊತ್ತಾಗದ ಹಾಗೆ.

ಇಂತಿ,
ನಿನ್ನ ಹಳೇ ರೂಮ್‌ಮೇಟ್