ಬರ್ಲಿನ್‌ನಲ್ಲಿ ಓದಿದ್ದು ಬೆಂಗಳೂರಿನಲ್ಲಿ ಲೆಕ್ಕಕ್ಕೆ ಬರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ವಿದೇಶದಲ್ಲಿ ಓದುವ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರಹಗಳು ಬರುತ್ತವೆ. ಅವು ಜಾಸ್ತಿ ಎರಡು ವರ್ಷದ ಎಂ.ಎಸ್.ಗೆ ಹೋಗುವವರಿಗೆ. ಇಲ್ಲಿಯ ಕಾಲೇಜಿನಲ್ಲೇ ಇದ್ದುಕೊಂಡು ಒಂದು ಸೆಮಿಸ್ಟರ್ ಮಾತ್ರ ಹೊರಗೆ ಓದಿ ಬರುವ ಎಕ್ಸ್‌ಚೇಂಜ್ ಬಗ್ಗೆ ಬರೆಯುವವರು ಕಡಿಮೆ. ನಾನು ಹಾಗೆ ಹೋಗಿ ಬಂದವಳು. ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ, ಊರು ಸಾಗರದ ಹತ್ತಿರ. 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗೆ ಬರ್ಲಿನ್‌ನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿದ್ದೆ. ವಾಪಸ್ ಬಂದ ಮೇಲೆ ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. 'ಅಲ್ಲಿ ಫೀಸ್ ಇಲ್ಲ' ಎಂದು ಕಾಲೇಜಿನಲ್ಲಿ ಹೇಳಿದ್ದರು. ಅದು ನಿಜ. ಇಲ್ಲಿ ಕಟ್ಟಿದ ಫೀಸೇ ಸಾಕು, ಅಲ್ಲಿ ಸೆಮಿಸ್ಟರ್‌ಗೆ ಮುನ್ನೂರು ಚಿಲ್ಲರೆ ಯೂರೋ ಕಟ್ಟಿದರೆ ಆಯಿತು, ಅದರಲ್ಲೇ ಬಸ್ಸು, ಮೆಟ್ರೋ, ಲೋಕಲ್ ರೈಲಿನ ಪಾಸೂ ಸೇರಿರುತ್ತದೆ. ಆದರೆ ವೀಸಾ ಬೇಕೆಂದರೆ ಅಲ್ಲಿ ಇರುವಷ್ಟು ತಿಂಗಳ ಖರ್ಚಿನ ದುಡ್ಡನ್ನು ಮುಂಚೆಯೇ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಖಾತೆಯಲ್ಲಿ, ಹಾಕಿ ತೋರಿಸಬೇಕು. ನಾನು ಅರ್ಜಿ ಹಾಕಿದಾಗ ತಿಂಗಳಿಗೆ 934 ಯೂರೋ ಇತ್ತು. 2024ರ ಸೆಪ್ಟೆಂಬರ್‌ನಿಂದ ಅದು 992 ಆಯಿತು. ಆರು ತಿಂಗಳಿಗೆ ನನಗೆ 5,604 ಯೂರೋ, ಅಂದರೆ ಐದು ಲಕ್ಷ ರೂಪಾಯಿ ದಾಟಿತು. ಅಡಿಕೆಯ ಕೊನೆಕೊಯ್ಲಿಗೆ ಇನ್ನೂ ಮೂರ್ನಾಲ್ಕು ತಿಂಗಳಿತ್ತು. ಅಪ್ಪಯ್ಯ ಅಡಿಕೆ ಮಂಡಿಗೆ ಹೋಗಿ ಬರುವ ಬೆಳೆಯ ಮೇಲೆ ಮುಂಗಡ ತಂದರು. 'ಹೋಗಿ ಬಾ, ಓದು ಹಾಳಾಗದಿದ್ದರೆ ಸಾಕು' ಎಂದಷ್ಟೇ ಹೇಳಿದರು.

ರೂಮು ಹುಡುಕುವುದು ಬರ್ಲಿನ್‌ನಲ್ಲಿ ನಿಜವಾಗಿಯೂ ಕಷ್ಟ. 'ನಾನು ಈಗ ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಹಾಕಿ, ಕೀ ಕೊರಿಯರ್ ಮಾಡುತ್ತೇನೆ' ಎಂದು ಮೆಸೇಜ್ ಮಾಡುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಮನೆ ಸಿಕ್ಕಿ ಎರಡು ವಾರದೊಳಗೆ ಸರ್ಕಾರಿ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರ ಸಹಿ ಇರುವ ಪತ್ರ ಬೇಕು. ಆ ಪತ್ರ ಕೊಡುವುದಿಲ್ಲ ಎನ್ನುವವರ ಮನೆ ಬೇಡವೇ ಬೇಡ. ಇನ್ನು ಚಳಿ, ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಮುಳುಗುವ ಸೂರ್ಯ, ಭಾನುವಾರ ಬಾಗಿಲು ಹಾಕಿರುವ ಅಂಗಡಿಗಳು, ಇವೆಲ್ಲ ಹದಿನೈದು ದಿನದಲ್ಲಿ ಅಭ್ಯಾಸ ಆಗುತ್ತವೆ.

ಅಲ್ಲಿ ನಾನು ಐದು ಸಬ್ಜೆಕ್ಟ್ ತೆಗೆದುಕೊಂಡೆ. ಒಂದು, ನಗರದ ಸಾರ್ವಜನಿಕ ಜಾಗಗಳ ಬಗ್ಗೆ. ಎರಡನೇ ವಾರಕ್ಕೇ ಪ್ರೊಫೆಸರ್ ನಮ್ಮನ್ನು ಕ್ಲಾಸಿನಿಂದ ಹೊರಡಿಸಿ ಟೆಂಪೆಲ್‌ಹೋಫ್‌ಗೆ ಕರೆದುಕೊಂಡು ಹೋದರು. ಅದು ಹಳೆಯ ವಿಮಾನ ನಿಲ್ದಾಣ. 1948ರಲ್ಲಿ ಸೋವಿಯತ್‌ನವರು ಪಶ್ಚಿಮ ಬರ್ಲಿನ್‌ಗೆ ಹೋಗುವ ರಸ್ತೆ, ರೈಲು ಎಲ್ಲ ಮುಚ್ಚಿದಾಗ ಊಟದ ಸಾಮಾನು, ಕಲ್ಲಿದ್ದಲು ತಂದ ವಿಮಾನಗಳು ಇಳಿದ ಜಾಗಗಳಲ್ಲಿ ಇದೂ ಒಂದು. 2008ರಲ್ಲಿ ನಿಲ್ದಾಣ ಮುಚ್ಚಿತು, 2010ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಮುನ್ನೂರು ಹೆಕ್ಟೇರ್‌ಗಿಂತ ದೊಡ್ಡ ಬಯಲು, ಊರಿನ ನಟ್ಟನಡುವೆ. ಅಂಚಿನಲ್ಲಿ ಮನೆ ಕಟ್ಟುತ್ತೇವೆ ಎಂದು ಸರ್ಕಾರ ಹೊರಟಾಗ, 2014ರಲ್ಲಿ ಜನ ಮತ ಹಾಕಿ ಬೇಡ ಎಂದರು.

ನಾವು ಹೋದ ದಿನ ಜೋರು ಗಾಳಿ. ರನ್‌ವೇ ಮೇಲೆ ಬಳಿದ ಗೆರೆಗಳು ಇನ್ನೂ ಕಾಣುತ್ತಿದ್ದವು. ಅದರ ಮೇಲೆ ಒಬ್ಬ ಅಜ್ಜ ಮೊಮ್ಮಗಳಿಗೆ ಸೈಕಲ್ ಕಲಿಸುತ್ತಿದ್ದರು, ಹಿಂದಿನ ಸೀಟು ಹಿಡಿದುಕೊಂಡು, ಬಗ್ಗಿಕೊಂಡು, ಬಿಟ್ಟೂ ಬಿಡದ ಹಾಗೆ. ಪ್ರೊಫೆಸರ್ ಪಾಠ ಮಾಡಲಿಲ್ಲ. ಎರಡು ಗಂಟೆ ಇಲ್ಲಿರಿ, ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ, ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ, ಬರೆದುಕೊಳ್ಳಿ ಎಂದರು ಅಷ್ಟೇ. ಬೆರಳು ಮರಗಟ್ಟಿ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಮುಂದಿನ ಕ್ಲಾಸಿನಲ್ಲಿ ಅರ್ಧ ಜನ ಅಲ್ಲಿ ಮನೆ ಕಟ್ಟಲೇಬೇಕಿತ್ತು ಎಂದು ವಾದ ಮಾಡಿದರು, ಏಕೆಂದರೆ ಬಾಡಿಗೆ ಕೊಟ್ಟು ಸಾಕಾದವರು ಅವರೇ. ರೂಮು ಹುಡುಕಿ ಸುಸ್ತಾಗಿದ್ದ ನನಗೂ ಅದು ಸರಿ ಅನಿಸಿತು. ಆದರೆ ಆ ಅಜ್ಜ ಮೊಮ್ಮಗಳು ಕಣ್ಣ ಮುಂದೆ ಇದ್ದರು. ಮೂರು ವರ್ಷ ಎಂಜಿನಿಯರಿಂಗ್ ಓದಿದ್ದರೂ ಕಟ್ಟುವುದು ಹೇಗೆ ಎಂದಷ್ಟೇ ಕಲಿತಿದ್ದೆ, ಕಟ್ಟಬೇಕಾ ಎಂದು ಯೋಚನೆ ಮಾಡಿದ್ದು ಅವತ್ತೇ ಮೊದಲು. ಆ ಸಬ್ಜೆಕ್ಟ್‌ನಲ್ಲಿ ನನಗೆ 1.7 ಬಂತು.

ಏಪ್ರಿಲ್‌ನಲ್ಲಿ ನಮ್ಮ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಅಲ್ಲಿಯ ಮಾರ್ಕ್ಸ್ ಕಾರ್ಡ್ ತೆಗೆದುಕೊಂಡು ಹೋದೆ. ಕೌಂಟರ್‌ನಲ್ಲಿದ್ದವರು ಕನ್ನಡಕ ಸರಿ ಮಾಡಿಕೊಂಡು ನೋಡಿ, 'ಏನಮ್ಮಾ, ಹತ್ತಕ್ಕೆ 1.7 ಬಂದಿದೆಯಲ್ಲ, ಫೇಲಾ?' ಎಂದರು. ಜರ್ಮನಿಯಲ್ಲಿ 1.0 ಎಂದರೆ ಎಲ್ಲಕ್ಕಿಂತ ಒಳ್ಳೆಯ ಗ್ರೇಡ್, 4.0 ಪಾಸ್ ಆಗುವ ಕೊನೆಯ ಗೆರೆ, 5.0 ಫೇಲ್. ಅವರನ್ನು ತಪ್ಪು ಅನ್ನುವುದಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೇರೆ ದೇಶದ ಗ್ರೇಡನ್ನು ತಮ್ಮ ಲೆಕ್ಕಕ್ಕೆ ತರಲು ಜರ್ಮನಿಯವರು ಬವೇರಿಯನ್ ಫಾರ್ಮುಲಾ ಅಂತ ಒಂದು ಇಟ್ಟುಕೊಂಡಿದ್ದಾರೆ. ಅದನ್ನೇ ತಿರುಗಿಸಿ, ನಮ್ಮಲ್ಲಿ ಹತ್ತಕ್ಕೆ ನಾಲ್ಕು ಪಾಸ್ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ 1.7 ಎಂದರೆ 8.6 ಆಗುತ್ತದೆ. ಹಾಳೆಯ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಸುತ್ತೋಲೆ ಇಲ್ಲದೆ ನಾವೇನೂ ಮಾಡಲಾಗದು ಎಂದರು.

ಆಮೇಲೆ ಕ್ರೆಡಿಟ್. ಯುರೋಪಿನಲ್ಲಿ ಕ್ಲಾಸು, ಮನೆಯ ಓದು, ಪರೀಕ್ಷೆಯ ತಯಾರಿ ಎಲ್ಲ ಸೇರಿ 25ರಿಂದ 30 ಗಂಟೆ ಕೆಲಸಕ್ಕೆ ಒಂದು ಕ್ರೆಡಿಟ್, ಸೆಮಿಸ್ಟರ್‌ಗೆ 30. ನಮ್ಮಲ್ಲಿ ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್. ಇದನ್ನು ಅದಕ್ಕೆ ಹೊಂದಿಸುವುದು ಹೇಗೆ ಎಂದು ನಾನು ಹೋಗುವ ಮುಂಚೆ ಯಾರೂ ಕೂತು ಬರೆದಿರಲಿಲ್ಲ. 'ಹೋಗಿ ಬಾ, ನೋಡೋಣ' ಎಂದಿದ್ದರು. ಬಂದ ಮೇಲೆ ಮೂರು ಸಬ್ಜೆಕ್ಟ್ ಒಪ್ಪಿದರು, ಎರಡು ಒಪ್ಪಲಿಲ್ಲ. ಟೆಂಪೆಲ್‌ಹೋಫ್‌ನ ಸಬ್ಜೆಕ್ಟ್ ಒಪ್ಪದೇ ಇದ್ದದ್ದರಲ್ಲಿ ಒಂದು. ನಮ್ಮ ಸಿಲಬಸ್‌ನಲ್ಲಿ ಆ ಹೆಸರಿನ ಸಬ್ಜೆಕ್ಟ್ ಇಲ್ಲವಂತೆ. ಅಲ್ಲಿ ಪಾಠ ಮುಗಿಯುವುದು ಫೆಬ್ರವರಿ ನಡುವೆ, ಪರೀಕ್ಷೆ ಅದರ ಹಿಂದೆಯೇ. ಅಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿ ಅಟೆಂಡೆನ್ಸ್ ಶಾರ್ಟೇಜ್ ಬೇರೆ ಬಂತು. ಕಾಲೇಜೇ ಕಳಿಸಿದ್ದಲ್ವಾ, ಆ ದಿನಗಳಲ್ಲಿ ನಾನು ಎಲ್ಲಿದ್ದೆ ಎಂದು ಕಾಲೇಜಿಗೇ ಗೊತ್ತಿತ್ತಲ್ಲ. ಎರಡು ಸಬ್ಜೆಕ್ಟ್ ಬ್ಯಾಕ್, ಅಂದರೆ ಬಾಕಿ, ಇಟ್ಟುಕೊಂಡು ಪರೀಕ್ಷೆ ಬರೆದೆ. ಕ್ಯಾಂಪಸ್ ಸೆಲೆಕ್ಷನ್‌ಗೆ ಬಂದ ಒಂದು ಕಂಪನಿಯ ಟೆಸ್ಟಿಗೆ ಬ್ಯಾಕ್ ಇದೆ ಎಂದು ಕೂರಿಸಲೇ ಇಲ್ಲ. ಅಪ್ಪಯ್ಯನಿಗೆ ಇದನ್ನು ಫೋನಿನಲ್ಲಿ ಹೇಳಲು ನನಗೆ ಎರಡು ದಿನ ಬೇಕಾಯಿತು.

ಯುರೋಪಿನೊಳಗೆ ವಿದ್ಯಾರ್ಥಿಗಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಓದಲು ಕಳಿಸುವ ಎರಾಸ್ಮಸ್ ಯೋಜನೆ 1987ರಿಂದ ಇದೆ. ಅಲ್ಲಿ ನನ್ನ ಜೊತೆ ಇದ್ದ ಇಟಲಿಯ ಹುಡುಗಿ ಬರುವಾಗಲೇ ಒಂದು ಹಾಳೆ ತಂದಿದ್ದಳು. ಲರ್ನಿಂಗ್ ಅಗ್ರಿಮೆಂಟ್ ಅನ್ನುತ್ತಾರೆ. ಎಡಕ್ಕೆ ಬರ್ಲಿನ್‌ನಲ್ಲಿ ಓದುವ ಸಬ್ಜೆಕ್ಟ್, ಬಲಕ್ಕೆ ಅದರ ಬದಲಿಗೆ ಅವಳ ಊರಿನಲ್ಲಿ ಬಿಟ್ಟುಕೊಡುವ ಸಬ್ಜೆಕ್ಟ್, ಕೆಳಗೆ ಎರಡೂ ವಿಶ್ವವಿದ್ಯಾಲಯದವರ ಸಹಿ, ಅವಳ ಸಹಿ. ಅಷ್ಟೇ. ಅವಳು ಪರೀಕ್ಷೆ ಮುಗಿಸಿ ನಿಶ್ಚಿಂತೆಯಿಂದ ಮನೆಗೆ ಹೋದಳು.

ನಮ್ಮ ಕಾಲೇಜುಗಳಿಂದ, ವಿಶ್ವವಿದ್ಯಾಲಯಗಳಿಂದ ನಾನು ಕೇಳುವುದು ಆ ಒಂದು ಹಾಳೆ. ಹೋಗುವ ಮುಂಚೆ, ವಿಭಾಗದ ಮುಖ್ಯಸ್ಥರದ್ದಷ್ಟೇ ಅಲ್ಲ, ಪರೀಕ್ಷಾ ವಿಭಾಗದ ಸಹಿಯೂ ಇರಬೇಕು. ಗ್ರೇಡ್ ಬದಲಿಸುವ ಲೆಕ್ಕ, ಅಟೆಂಡೆನ್ಸ್ ವಿನಾಯಿತಿ ಅದರಲ್ಲೇ ಬರೆದಿರಬೇಕು. ಅಷ್ಟು ಮಾಡಲು ಆಗದ ಕಾಲೇಜು ದಯವಿಟ್ಟು ಮಕ್ಕಳನ್ನು ಕಳಿಸಬಾರದು, ಬ್ರೋಷರ್‌ನಲ್ಲಿ ವಿದೇಶದ ಫೋಟೋ ಹಾಕಲೂಬಾರದು.

ಹೋದ ವಾರ ಹಾಸನದ ಕಡೆಯ ಜೂನಿಯರ್ ಒಬ್ಬಳು ಫೋನ್ ಮಾಡಿದ್ದಳು. ಅವಳಿಗೂ ಬರ್ಲಿನ್ ಸಿಕ್ಕಿದೆ. 'ಅಕ್ಕಾ, ಕುಕ್ಕರ್ ತಗೊಂಡು ಹೋಗ್ಲಾ, ಅಲ್ಲೇ ಸಿಗುತ್ತಾ?' ಎಂದಳು. ಕುಕ್ಕರ್ ವಿಷಯ ಆಮೇಲೆ, ಮೊದಲು ಹಾಳೆ ಮಾಡಿಸು ಎಂದು ಹೇಳಿ ಆ ಇಟಲಿಯ ಹುಡುಗಿಯದ್ದನ್ನೇ ನೋಡಿಕೊಂಡು ಇಬ್ಬರೂ ಕೂತು ಒಂದು ಬರೆದೆವು. ಮುಖ್ಯಸ್ಥರು ಸಹಿ ಹಾಕಿದ್ದಾರೆ. ಪರೀಕ್ಷಾ ವಿಭಾಗದಲ್ಲಿ ಫೈಲ್ ಇನ್ನೂ ಮೇಜಿನ ಮೇಲಿದೆ.

— ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸಾಗರ ತಾಲ್ಲೂಕು