ಮೇಳದಲ್ಲಿ ನಿಂತ ಮಗಳಿಗೆ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಸಪ್ಪಗಿತ್ತು. ಹಳೇ ಗ್ರೀಕ್ ನಾಟಕಕಾರ ಯೂರಿಪಿಡೀಸನ ‘ಟ್ರಾಯ್‌ನ ಹೆಂಗಸರು’ ಆಡ್ತಿದ್ದೀವಿ, ನನಗೆ ರಾಣಿ ಹೆಕ್ಯೂಬಾಳ ಪಾತ್ರ ಸಿಗಲಿಲ್ಲ, ಒಟ್ಟಾಗಿ ಹಾಡಿ ಕುಣಿಯುವ ಮೇಳಕ್ಕೆ ಹಾಕಿದ್ದಾರೆ ಅಂದೆ. ‘ಹದಿನೈದು ಜನರಲ್ಲಿ ನಾನೊಬ್ಬಳು, ಮುಖ ಕೂಡ ಕಾಣಲ್ಲ ಅಮ್ಮ’ ಅಂತ ಗೊಣಗಿದೆ. ಆಗ ಕುಕ್ಕರ್ ಕೂಗ್ತಿತ್ತು, ಸರಿಯಾಗಿ ಮಾತಾಡೋಕೆ ಆಗಲಿಲ್ಲ.

ಈ ನಾಟಕವನ್ನು ಮೊದಲು ಆಡಿದ ಗ್ರೀಸಿನ ಅಥೆನ್ಸಿನಲ್ಲೂ ಮೇಳದವರ ಮುಖ ಕಾಣುತ್ತಿರಲಿಲ್ಲ, ಎಲ್ಲರಿಗೂ ಮುಖವಾಡ. ಆದರೆ ಅದರ ಹಿಂದೆ ಇದ್ದವರು ಕಸುಬಿನ ನಟರಲ್ಲ, ಊರಿನ ಗಂಡಸರು, ಸಭೆಯಲ್ಲಿ ಕೈಯೆತ್ತಿ ಮತ ಹಾಕುವವರು. ಡಯೊನೈಸಸ್ ದೇವರ ಹಬ್ಬಕ್ಕೆಂದು ಹಾಡು, ಕುಣಿತ ಕಲಿಯುತ್ತಿದ್ದರು. ಅದರ ಖರ್ಚು ಒಬ್ಬ ಶ್ರೀಮಂತನ ತಲೆಗೆ. ದಾನ ಅಲ್ಲ, ಹೆಚ್ಚೂಕಡಿಮೆ ತೆರಿಗೆ. ಕ್ರಿ.ಪೂ. 472ರಲ್ಲಿ ಈಸ್ಕಿಲಸ್ ಎಂಬ ನಾಟಕಕಾರನ ಮೇಳಕ್ಕೆ ದುಡ್ಡು ಹಾಕಿದವನು, ಮುಂದೆ ಅಥೆನ್ಸಿನ ದೊಡ್ಡ ನಾಯಕನಾದ ಪೆರಿಕ್ಲಿಸ್, ಆಗಿನ್ನೂ ಹುಡುಗ. ನಮ್ಮ ಬಿ.ಎಂ.ಶ್ರೀ ‘ಪಾರಸಿಕರು’ ಅಂತ ಕನ್ನಡಕ್ಕೆ ತಂದದ್ದು ಆ ನಾಟಕವನ್ನೇ. ಎಂಟು ವರ್ಷದ ಹಿಂದೆ ತಮ್ಮ ಊರನ್ನು ಸುಟ್ಟಿದ್ದ ಪರ್ಷಿಯಾದ ಮುದುಕರಾಗಿ ಅಥೆನ್ಸಿನವರೇ ಎದೆ ಬಡಿದುಕೊಂಡು ಅತ್ತರು. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತೆ ನನಗೆ.

ಇನ್ನು ನಿನ್ನ ನಾಟಕ. ಕ್ರಿ.ಪೂ. 416ರಲ್ಲಿ ಅಥೆನ್ಸಿನ ಸೇನೆ ಮೀಲೋಸ್ ಎಂಬ ದ್ವೀಪವನ್ನು ಮುತ್ತಿತು. ದ್ವೀಪದವರದ್ದು ಒಂದೇ ತಪ್ಪು, ಕಪ್ಪ ಕೊಟ್ಟು ನಮ್ಮ ಕಡೆ ಸೇರಿ ಅಂತ ಅಥೆನ್ಸ್ ಅಂದರೆ ಒಪ್ಪಲಿಲ್ಲ. ಶರಣಾದ ಮೇಲೆ ಗಂಡಸರನ್ನು ಕೊಂದರು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು. ಮರುವರ್ಷ, 415ರ ವಸಂತದಲ್ಲಿ, ಈ ನಾಟಕ.

ಹಬ್ಬದ ಕ್ರಮವನ್ನೂ ಕೇಳು. ನಾಟಕ ಶುರುವಾಗುವ ಮೊದಲು, ಬೇರೆ ಊರುಗಳು ಕೊಟ್ಟ ಕಪ್ಪದ ಬೆಳ್ಳಿಯನ್ನು ಅಕ್ರೊಪೊಲಿಸ್ ಗುಡ್ಡದ ಬುಡದ ರಂಗದಲ್ಲಿ ಎಲ್ಲರೆದುರು ಇಡುತ್ತಿದ್ದರು. ಯುದ್ಧದಲ್ಲಿ ಅಪ್ಪನನ್ನು ಕಳೆದುಕೊಂಡು, ಊರಿನ ಖರ್ಚಿನಲ್ಲೇ ಬೆಳೆದ ಹುಡುಗರು ಹೊಸ ಕವಚ ತೊಟ್ಟು ಸಾಲಾಗಿ ಬರುತ್ತಿದ್ದರು. ನಮ್ಮ ಪರೇಡಿನ ಹಾಗೆಯೇ ಅನ್ನು. ಆ ಬೀಗುವಿಕೆ ಮುಗಿದ ಅದೇ ಜಾಗಕ್ಕೆ ನಿನ್ನ ಮೇಳ ಬರಬೇಕು. ಗ್ರೀಕರು ಗೆದ್ದ ಟ್ರಾಯ್ ಊರಿನ, ಗಂಡ ಸತ್ತ, ಮನೆ ಉರಿಯುತ್ತಿರುವ, ಯಾವ ದಣಿಯ ಪಾಲಾಗುತ್ತೇವೋ ಎಂದು ಕಾಯುವ ಹೆಂಗಸರು. ಆ ಹೆಂಗಸರಾಗಿ ನಿಂತವರು ಅಥೆನ್ಸಿನ ಗಂಡಸರು!

ಮೀಲೋಸ್ ಹೆಸರು ನಾಟಕದಲ್ಲಿ ಎಲ್ಲೂ ಇಲ್ಲ. ಆದರೆ ನಿನ್ನ ಮೊದಲ ಹಾಡನ್ನೇ ಇನ್ನೊಮ್ಮೆ ಓದು. ಎಲ್ಲಿಗೆ ಒಯ್ಯುತ್ತಾರೋ ಅಂತ ಹೆದರುತ್ತಲೇ ಆ ಸೆರೆಯಾಳುಗಳು, ಥೀಸಿಯಸ್‌ನ ನಾಡಿಗಾದರೂ ಹೋಗುವ ಹಾಗಾಗಲಿ ಅಂತಾರೆ. ಥೀಸಿಯಸ್‌ನ ನಾಡು ಅಂದರೆ ಅಥೆನ್ಸೇ. ಮೀಲೋಸಿನಿಂದ ತಿರುಗಿ ಬಂದ ಸೈನಿಕನೊಬ್ಬ ಅಲ್ಲಿ ಕೂತಿದ್ದರೆ ಅವನಿಗೆ ಹೇಗಾಗಿರಬೇಡ?

ಆ ಸಲ ಹಬ್ಬದ ನಾಟಕ ಸ್ಪರ್ಧೆಯಲ್ಲಿ ಯೂರಿಪಿಡೀಸನಿಗೆ ಎರಡನೇ ಬಹುಮಾನ. ಮೊದಲನೆಯದು ಕ್ಸೆನೊಕ್ಲಿಸ್ ಅನ್ನುವವನಿಗೆ, ಅವನ ನಾಟಕಗಳು ಈಗ ಉಳಿದಿಲ್ಲ. ಜನ ಬದಲಾದರಾ ಅಂತ ಕೇಳಬೇಡ. ಅದೇ ಬೇಸಿಗೆಯಲ್ಲಿ ಸಿಸಿಲಿಯನ್ನು ಗೆಲ್ಲೋಕೆ ಹಡಗು ಹತ್ತಿದರು, ಎರಡು ವರ್ಷಕ್ಕೆ ಸರ್ವನಾಶವಾಗಿ ಹೋದರು.

ಶುಕ್ರವಾರ ರಾತ್ರಿ ಬಸ್ಸಿಗೆ ಹೊರಡ್ತೀನಿ. ಚಕ್ಕುಲಿ ತರ್ತೀನಿ, ಮೇಳದವರಿಗೆಲ್ಲ ಸಾಕಾಗುವಷ್ಟು. ನೀನು ರಂಗದ ಯಾವ ಕಡೆ ನಿಲ್ತೀಯ ಅಂತ ಹೇಳು, ಆ ಕಡೆಯೇ ಸೀಟು ಹಿಡೀತೀನಿ.

ನಿನ್ನ
ಅಮ್ಮ