ಪ್ರವಾಹ ವಿಮೆಯ ಅರ್ಜಿ ಬದಲಾಗಿದೆ: ಈ ಸಲ ನಿಮ್ಮ ಹೊಸ್ತಿಲಿನ ಎತ್ತರ ಕೇಳುತ್ತೇವೆ

ಮಾನ್ಯ ಸದಸ್ಯರೇ,

ಮನೆ ವಿಮೆ ನವೀಕರಿಸಲು ನಾವು ಕೊಡುತ್ತಿದ್ದ ಅರ್ಜಿಯ ಎರಡನೇ ಪುಟದ ಕೊನೆಯಲ್ಲಿ ಒಂದು ಸಣ್ಣ ಚೌಕವಿತ್ತು. ಅದರ ಪಕ್ಕದಲ್ಲಿ ‘ಪ್ರವಾಹ ರಕ್ಷಣೆ ಬೇಕು’ ಎಂದು ಬರೆದಿರುತ್ತಿತ್ತು. ಗುರುತು ಹಾಕಿದವರಿಗೆ ರಕ್ಷಣೆ ಸೇರುತ್ತಿತ್ತು. ಖಾಲಿ ಬಿಟ್ಟರೆ ‘ಬೇಡ’ ಎಂದು ನಮ್ಮ ಕಚೇರಿ ಲೆಕ್ಕ ಹಿಡಿಯುತ್ತಿತ್ತು. ಮುಂದಿನ ನವೀಕರಣದಿಂದ ಆ ಚೌಕ ಇರುವುದಿಲ್ಲ. ಅದರ ಬದಲು ಒಂದು ಇಡೀ ಪುಟ ಬರುತ್ತದೆ. ‘ಬೇಕು’ ಅಥವಾ ‘ಬೇಡ’ ಎಂದು ನೀವೇ ಕೈಯಾರೆ ಬರೆದು ಸಹಿ ಹಾಕದಿದ್ದರೆ ಅರ್ಜಿ ವಿಮಾ ಕಂಪನಿಗೆ ಹೋಗುವುದಿಲ್ಲ.

ಕಾರಣ ಮುಚ್ಚಿಡುವಂಥದ್ದಲ್ಲ. ಒಬ್ಬ ಸದಸ್ಯರ ಮನೆಯಲ್ಲಿ ಒಂದು ರಾತ್ರಿ ಮೊಣಕಾಲುದ್ದ ನೀರು ನಿಂತಿತು. ಒಂದು ವರ್ಷವೂ ಕಂತು ತಪ್ಪಿಸಿದವರಲ್ಲ. ಕ್ಲೇಮ್ ಹಾಕಿದಾಗ ಕಂಪನಿಯವರು ಅರ್ಜಿಯ ಪ್ರತಿ ತೆಗೆದು ತೋರಿಸಿದರು: ಚೌಕ ಖಾಲಿ. ಆ ಸದಸ್ಯರು ನಮ್ಮ ಕೌಂಟರಿನ ಮುಂದೆ ನಿಂತು ಕೇಳಿದ್ದು ಒಂದೇ ಮಾತು, “ಬೇಡ ಅಂತ ನಾನು ಯಾವತ್ತು ಹೇಳಿದ್ದೆ?” ಅವರು ಹೇಳಿರಲಿಲ್ಲ. ಅವರ ಮೌನವನ್ನು ‘ಬೇಡ’ ಎಂದು ಓದಿಕೊಂಡವರು ನಾವು. ಆ ತಪ್ಪು ನಮ್ಮದು, ಅರ್ಜಿ ಬದಲಾಗಿದ್ದೂ ಅದಕ್ಕೇ.

ಎರಡನೇ ಬದಲಾವಣೆ ಕಂತಿಗೆ ಸಂಬಂಧಿಸಿದ್ದು. ಇದುವರೆಗೆ ಪ್ರವಾಹ ರಕ್ಷಣೆಯ ಕಂತು ನಿಂತಿದ್ದು ನಕ್ಷೆಯ ಮೇಲೆ. ಮನೆ ನದಿಯ ಪ್ರವಾಹ ವಲಯದ ಒಳಗಿದ್ದರೆ ಹೆಚ್ಚು, ಹೊರಗಿದ್ದರೆ ಕಡಿಮೆ. ಇನ್ನು ಮುಂದೆ ನಕ್ಷೆಯ ಜೊತೆಗೆ ಮನೆಯನ್ನೂ ನೋಡುತ್ತಾರೆ: ಹೊಸ್ತಿಲು ರಸ್ತೆಗಿಂತ ಎಷ್ಟು ಎತ್ತರದಲ್ಲಿದೆ, ನೆಲಮಾಳಿಗೆ ಇದೆಯೇ, ಮೀಟರ್ ಬೋರ್ಡ್ ಎಲ್ಲಿದೆ, ಅಂಗಳದ ಇಳಿಜಾರು ಮನೆಯ ಕಡೆಗೋ ಹೊರಗಡೆಗೋ. ಹೀಗೆ ಮನೆ ಮನೆಯನ್ನೇ ಅಳೆಯುವುದು ಹೊಸದೇನಲ್ಲ. ಅಮೆರಿಕದಲ್ಲಿ 1968ರಲ್ಲಿ ಶುರುವಾದ ಸರ್ಕಾರಿ ಪ್ರವಾಹ ವಿಮೆ ಯೋಜನೆಯೂ ದಶಕಗಳ ಕಾಲ ಹೆಚ್ಚಾಗಿ ವಲಯದ ಲೆಕ್ಕ ಹಿಡಿದು, 2021ರ ಅಕ್ಟೋಬರಿನಿಂದ ಒಂದೊಂದು ಮನೆಯ ಅಪಾಯಕ್ಕೆ ತಕ್ಕಂತೆ ಕಂತು ನಿಗದಿ ಮಾಡುವ ಪದ್ಧತಿಗೆ ಬಂದಿತು. ಈ ಬದಲಾವಣೆಯಿಂದ ನಿಮ್ಮಲ್ಲಿ ಕೆಲವರ ಕಂತು ಇಳಿಯುತ್ತದೆ, ಕೆಲವರದು ಏರುತ್ತದೆ. ಏರುವವರಿಗೆ ಸಿಟ್ಟು ಬರುತ್ತದೆಂದು ಗೊತ್ತು. ಅದಕ್ಕೇ ಪತ್ರ ಸ್ವಲ್ಪ ಉದ್ದವಾಗಿದೆ.

ನಕ್ಷೆಯಲ್ಲಿ ‘ನೂರು ವರ್ಷದ ಪ್ರವಾಹ’ ಎಂಬ ಗೆರೆ ಇರುತ್ತದೆ. ನಮ್ಮನ್ನು ಹೆಚ್ಚು ದಾರಿ ತಪ್ಪಿಸಿರುವುದು ಈ ಹೆಸರೇ. ನೂರು ವರ್ಷಕ್ಕೊಮ್ಮೆ ಬರುತ್ತದೆ, ಹೋದ ವರ್ಷ ಬಂದಾಯಿತು, ಇನ್ನು ಮೊಮ್ಮಕ್ಕಳ ಕಾಲಕ್ಕೆ ಎಂದು ಕೇಳುವವರಿಗೆ ಅನಿಸುವುದು ಸಹಜ. ಅದರ ಅರ್ಥವೇ ಬೇರೆ. ಅಂಥ ನೀರು ಬರುವ ಸಾಧ್ಯತೆ ಪ್ರತಿ ವರ್ಷವೂ ನೂರಕ್ಕೆ ಒಂದು. ಹೋದ ವರ್ಷ ಬಂದಿದ್ದರೂ ಈ ವರ್ಷ ಮತ್ತೆ ನೂರಕ್ಕೆ ಒಂದೇ. ಮೂವತ್ತು ವರ್ಷದ ಗೃಹಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ಆ ಮಟ್ಟದ ನೀರು ಬರುವ ಸಾಧ್ಯತೆ ಸುಮಾರು ಶೇ 26. ಅಂದರೆ ಆ ಗೆರೆಯ ಮೇಲಿರುವ ನಾಲ್ಕು ಮನೆಗಳಲ್ಲಿ ಒಂದಕ್ಕೆ.

ಗೆರೆಯ ಹೊರಗಿರುವವರು ನಿಶ್ಚಿಂತರೇ? ಗೆರೆ ಎಳೆಯುವುದು ಹೆಚ್ಚಾಗಿ ನದಿ ಉಕ್ಕುವುದನ್ನು ಲೆಕ್ಕ ಹಾಕಿ. ನೀರು ಆಕಾಶದಿಂದ ನೇರ ಬಂದು ಚರಂಡಿ ಸಾಲದೆ ಬೀದಿಯಲ್ಲೇ ನಿಲ್ಲುವುದು ಆ ಲೆಕ್ಕದಲ್ಲಿ ಇಲ್ಲದಿರಬಹುದು. 2017ರಲ್ಲಿ ಹಾರ್ವೆ ಚಂಡಮಾರುತ ಬಂದಾಗ ಅಮೆರಿಕದ ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದಂತೆ) ನೀರು ನುಗ್ಗಿದ ಮನೆಗಳ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಆ ಗೆರೆಯ ಹೊರಗಿದ್ದವು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನೂರು ಚದರ ಮೀಟರ್ ತಾರಸಿಯ ಮೇಲೆ 50 ಮಿ.ಮೀ. ಸುರಿದರೆ 5,000 ಲೀಟರ್. ಬೀದಿಯ ಎಲ್ಲ ತಾರಸಿ, ಎಲ್ಲ ಕಾಂಕ್ರೀಟ್ ಅಂಗಳ ಕೂಡಿಸಿ ನೋಡಿ. ಮೊದಲು ಮಣ್ಣು ಕುಡಿಯುತ್ತಿದ್ದ ನೀರು ಈಗ ಒಂದೇ ಮೋರಿಗೆ ಓಡುತ್ತದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹಾಗಾಗಿ ಸುರಿಯುವಾಗಲೂ ಜೋರು.

ಆದ್ದರಿಂದ ಹೊಸ್ತಿಲು. ಇದನ್ನು ಅಳೆಯಲು ಎಂಜಿನಿಯರ್ ಬೇಕಾಗಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಇದ್ದರೆ ಸಾಕು. ಗುಳ್ಳೆ ಉಳಿಯದಂತೆ ನೀರು ತುಂಬಿ, ಒಂದು ತುದಿಯನ್ನು ರಸ್ತೆಯ ನಡುಮಧ್ಯೆ ಒಬ್ಬರು ಹಿಡಿಯಬೇಕು, ಇನ್ನೊಂದನ್ನು ಬಾಗಿಲ ಬಳಿ ಇನ್ನೊಬ್ಬರು. ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ರಸ್ತೆಯಿಂದ ಆ ನೀರಿನ ಮಟ್ಟದವರೆಗೆ ಎಷ್ಟು, ಹೊಸ್ತಿಲಿನಿಂದ ಎಷ್ಟು ಎಂದು ಟೇಪು ಹಿಡಿದು ಅಳೆಯಿರಿ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಹೊಸ್ತಿಲು ರಸ್ತೆಗಿಂತ ಎಷ್ಟು ಮೇಲಿದೆ ಎಂದು ಸಿಗುತ್ತದೆ. ನಾನು ನನ್ನ ಮನೆಯಲ್ಲೇ ಮೊದಲು ಮಾಡಿ ನೋಡಿದೆ. ಮನೆ ಕಟ್ಟಿಸಿದಾಗ ಬಾಗಿಲಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು, ಈಗ ಒಂದೂವರೆ. ಮನೆ ಕುಸಿದಿಲ್ಲ. ಹಳೆಯ ಡಾಂಬರು ಕೀಳದೆ ಅದರ ಮೇಲೇ ಮತ್ತೆ ಮತ್ತೆ ಹಾಕಿ ರಸ್ತೆಯೇ ಮೇಲೆದ್ದಿದೆ. ದಿನಾ ಹತ್ತಿ ಇಳಿಯುವ ಮೆಟ್ಟಿಲು, ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಇನ್ನು ಪಾಲಿಸಿಯ ಒಳಗಿನ ಮಾತು. ಮನೆಯೊಳಗೆ ನೀರು ಬಂದರೆ ಎಲ್ಲವೂ ‘ಪ್ರವಾಹ’ವಲ್ಲ. ಗೋಡೆಯೊಳಗಿನ ಪೈಪು ಒಡೆದು ನೀರು ಹರಿದರೆ ಅದು ಬೇರೆ ಕಲಮು. ತಾರಸಿ ಸೋರಿ ಬಂದದ್ದು ಇನ್ನೊಂದು; ಹಳೆಯ ಸೋರಿಕೆಯಾದರೆ ನಿರ್ವಹಣೆಯ ಕೊರತೆ ಎಂದು ತಳ್ಳಿಹಾಕುವುದೇ ಹೆಚ್ಚು. ಹೊರಗಿನ ನೆಲದ ಮೇಲೆ ಏರಿದ ನೀರು ಬಾಗಿಲು ದಾಟಿದರೆ ಪ್ರವಾಹ. ಎಲ್ಲಕ್ಕಿಂತ ಹೆಚ್ಚು ಜಗಳ ಆಗುವುದು ಒಳಚರಂಡಿ ತುಂಬಿ ಬಚ್ಚಲಿನಿಂದ ಮೇಲೆ ಬರುವ ನೀರಿನ ಬಗ್ಗೆ. ಅದನ್ನು ಕೆಲವು ಪಾಲಿಸಿಗಳು ಪ್ರವಾಹದೊಳಗೆ ಸೇರಿಸುತ್ತವೆ, ಕೆಲವು ಪ್ರತ್ಯೇಕ ಹಣ ಕೇಳುತ್ತವೆ. ಹೊಸ ಪುಟದಲ್ಲಿ ಇದಕ್ಕೊಂದು ಸಾಲು ಬೇರೆಯೇ ಇಟ್ಟಿದ್ದೇವೆ. ಮನೆಯ ಒಳಚರಂಡಿ ಚೇಂಬರಿನಲ್ಲಿ ನಾನ್-ರಿಟರ್ನ್ ವಾಲ್ವ್ (ನೀರು ಹೊರಗೆ ಹೋಗಲು ಬಿಟ್ಟು, ಹಿಂದಕ್ಕೆ ಬರದಂತೆ ತಡೆಯುವ ಕವಾಟ) ಹಾಕಿಸಿದ್ದರೆ ಅಲ್ಲೇ ನಮೂದಿಸಿ, ಕಂತಿನ ಲೆಕ್ಕಕ್ಕೆ ಬರುತ್ತದೆ. ಹಾಕಿಸಿದ ಮೇಲೆ ಆಗಾಗ ಬಿಚ್ಚಿ ಕಸ ತೆಗೆಯಿರಿ. ಕಸ ಸಿಕ್ಕಿಕೊಂಡ ವಾಲ್ವ್ ಮುಚ್ಚುವುದಿಲ್ಲ.

ವಿಮಾ ಮೊತ್ತ ಬರೆಯುವಾಗ ಮಾರುಕಟ್ಟೆ ಬೆಲೆ ಬರೆಯಬೇಡಿ. ನೆಲ ಕೊಚ್ಚಿಹೋಗುವುದಿಲ್ಲ, ಹೋಗುವುದು ಕಟ್ಟಡ. ಅದನ್ನು ಇವತ್ತಿನ ದರದಲ್ಲಿ ಮತ್ತೆ ಕಟ್ಟಲು ಎಷ್ಟಾಗುತ್ತದೋ ಅಷ್ಟು ಬರೆಯಿರಿ. ಕಂತು ಉಳಿಸಲು ಅರ್ಧ ಬರೆದರೆ, ಅನೇಕ ಪಾಲಿಸಿಗಳಲ್ಲಿ ಸಣ್ಣ ಹಾನಿಗೂ ಅರ್ಧವೇ ಸಿಗುತ್ತದೆ. ನೂರು ಬರೆಸಿದ್ದೇನೆ, ಹಾನಿ ಇಪ್ಪತ್ತು, ಇಪ್ಪತ್ತೂ ಬರಬೇಕಲ್ಲ ಎಂಬ ವಾದ ನಡೆಯುವುದಿಲ್ಲ. ಕಟ್ಟಡ ಇನ್ನೂರರದಾಗಿದ್ದರೆ ಬರುವುದು ಹತ್ತು. ಮನೆಯೊಳಗಿನ ಸಾಮಾನಿನ ಮೊತ್ತ ಬೇರೆ. ಬಾಡಿಗೆಗೆ ಇರುವ ಸದಸ್ಯರು ಅದೊಂದನ್ನೇ ಮಾಡಿಸಬಹುದು.

ಮೋಡ ಕಟ್ಟಿದ ಮೇಲೆ ಬಂದು ರಕ್ಷಣೆ ಸೇರಿಸಿ ಎಂದರೆ ಆಗುವುದಿಲ್ಲ. ಪ್ರವಾಹ ರಕ್ಷಣೆಗೆ ಕಾಯುವ ಅವಧಿ ಇರುವುದುಂಟು. ಆ ಅಮೆರಿಕದ ಯೋಜನೆಯಲ್ಲಿ ಸಾಮಾನ್ಯವಾಗಿ 30 ದಿನ. ನಿಮ್ಮ ಪಾಲಿಸಿಯಲ್ಲಿ ಎಷ್ಟು ಎಂಬುದನ್ನು ಹೊಸ ಪುಟದ ತಲೆಯಲ್ಲೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇವೆ. ಹಾನಿಯ ಮೊದಲ ಪಾಲು ನಿಮ್ಮ ಕೈಯಿಂದಲೇ ಹೋಗಬೇಕಲ್ಲ, ಆ ಮೊತ್ತವೂ ಅದರ ಪಕ್ಕದಲ್ಲೇ ಇದೆ.

ನೀರು ಬಂದೇಬಿಟ್ಟರೆ ಮೊದಲು ಮೇನ್ ಸ್ವಿಚ್ಚು. ನೀರಲ್ಲಿ ನಿಂತು ಅದನ್ನು ಮುಟ್ಟಬೇಕಾದ ಸ್ಥಿತಿಯಿದ್ದರೆ ಮುಟ್ಟದೆ ಹೊರಗೆ ಬನ್ನಿ. ಇಳಿದ ಮೇಲೆ ಗೋಡೆಯ ಮೇಲಿನ ಕೆಸರಿನ ಗೆರೆಯನ್ನು ತೊಳೆಯುವ ಮುಂಚೆ ಅಲ್ಲಿ ಟೇಪು ಇಟ್ಟು ಫೋಟೊ ತೆಗೆಯಿರಿ. ಹಾನಿ ಅಂದಾಜು ಮಾಡುವ ಸರ್ವೇಯರ್ ಬರಲಿ ಎಂದು ಒದ್ದೆ ಹಾಸಿಗೆ ವಾರಗಟ್ಟಲೆ ಇಟ್ಟುಕೊಳ್ಳಬೇಡಿ. ಕಂಪನಿಗೆ ತಿಳಿಸಿ, ಫೋಟೊ ತೆಗೆದು, ಒಂದು ತುಂಡು ಕತ್ತರಿಸಿಟ್ಟು ಉಳಿದದ್ದನ್ನು ಎಸೆಯಿರಿ. ಬಿಲ್ಲುಗಳನ್ನು ಅಟ್ಟದ ಮೇಲಿಡಿ. ಒಬ್ಬರು ಬಿಲ್ಲುಗಳನ್ನೆಲ್ಲ ಅಲಮಾರಿನ ಕೆಳಗಿನ ಖಾನೆಯಲ್ಲಿಟ್ಟು, ಕ್ಲೇಮಿಗೆ ಮುದ್ದೆಯಾದ ಕಾಗದ ತಂದಿದ್ದರು.

ಪಾಲಿಸಿಯ ಅವಧಿ ಮುಗಿಯುವ ಎರಡು ತಿಂಗಳು ಮುಂಚೆ ಹೊಸ ಪುಟ ನಿಮ್ಮ ಮನೆಗೆ ಬರುತ್ತದೆ. ‘ಬೇಡ’ ಎಂದು ಬರೆಯುವವರಿಗೂ ಅಳತೆ ಮಾಡಿ ನೋಡಿಯೇ ಬರೆಯಿರಿ ಎಂದು ನನ್ನ ವಿನಂತಿ. ಮಟ್ಟ ನೋಡುವ ಎರಡು ಪೈಪುಗಳು ನಮ್ಮ ಕಚೇರಿಯಲ್ಲಿವೆ, ಹೆಸರು ಬರೆಸಿ ಒಯ್ಯಬಹುದು. ಮರುದಿನ ವಾಪಸು ಕೊಡಬೇಕು, ನೀರು ಚೆಲ್ಲಿ.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ